ದವಡೆಮೂಳೆಯ ನಿರ್ಜೀವತೆ, ಔಷಧಸಂಬಂಧಿ

ಮೂಳೆಸವೆತಕ್ಕೂ ಮೂಳೆಗೆ ಹರಡಿದ ಕ್ಯಾನ್ಸರಿಗೂ ಕೊಡುವ ಕೆಲವು ಔಷಧಗಳಿಂದ ದವಡೆಯ ಮೂಳೆ ಸತ್ತು, ವಸಡು ಒಡೆದು ಹೊರಗೆ ಕಾಣಿಸುವ ತೊಂದರೆ. ದವಡೆಗೆ ವಿಕಿರಣ ಚಿಕಿತ್ಸೆ ಆಗಿರದಿದ್ದರೂ ತೆರೆದ ಮೂಳೆ ಎಂಟು ವಾರ ಕಳೆದರೂ ಮುಚ್ಚಿಕೊಳ್ಳದಿದ್ದರೆ ಹೀಗೆಂದು ಗುರುತಿಸುತ್ತಾರೆ.

ಇಂಥದೇ ರೋಗ 19ನೆಯ ಶತಮಾನದ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿತ್ತು. ಬಿಳಿ ರಂಜಕದ ಹೊಗೆಗೆ ಸಿಕ್ಕ ಕೆಲಸಗಾರರ ದವಡೆ ಕೊಳೆಯುವುದನ್ನು ವಿಯೆನ್ನಾದ ವೈದ್ಯ ಲೋರಿನ್ಸರ್ 1845ರಲ್ಲಿ ವರದಿ ಮಾಡಿದ. 1906ರ ಬರ್ನ್ ಒಪ್ಪಂದವೂ ಭಾರತದ 1913ರ ಕಾಯಿದೆಯೂ ಅಂಥ ಕಡ್ಡಿಗಳನ್ನು ನಿಷೇಧಿಸಿದವು. ಈಗಿನ ತೊಂದರೆ ತರುವ ಔಷಧಗಳಲ್ಲಿ ಮುಖ್ಯವಾದವು ಬಿಸ್‌ಫಾಸ್ಫೊನೇಟುಗಳು. ಮೂಳೆ ಕರಗುವುದನ್ನು ತಡೆಯುವ ಅವುಗಳ ಗುಣವನ್ನು 1960ರ ದಶಕದ ಕೊನೆಯಲ್ಲಿ ಹರ್ಬರ್ಟ್ ಫ್ಲೈಶ್ ತಂಡ ತೋರಿಸಿತು. 1995ರಲ್ಲಿ ಆ ಗುಂಪಿನ ಅಲೆಂಡ್ರೊನೇಟ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

2003ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಈ ಔಷಧ ಪಡೆದು ದವಡೆಯ ಮೂಳೆ ತೆರೆದುಕೊಂಡ 36 ರೋಗಿಗಳ ವಿಷಯ ಪ್ರಕಟಿಸಿದಾಗ ಎಚ್ಚರಿಕೆ ಮೊಳಗಿತು. ಮರುವರ್ಷ ಸಾಲ್ವಟೋರ್ ರುಗ್ಗೀರೊ ಮತ್ತು ಸಂಗಡಿಗರು ವರದಿ ಮಾಡಿದ 63 ಜನರಲ್ಲಿ 56 ಮಂದಿ ರಕ್ತನಾಳದ ಮೂಲಕ ಔಷಧ ಪಡೆದವರು, ಏಳು ಮಂದಿ ಮೂಳೆಸವೆತಕ್ಕೆ ಮಾತ್ರೆ ನುಂಗಿದವರು. ಈ ಎರಡು ಗುಂಪುಗಳನ್ನು ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಅಮೆರಿಕದ ಬಾಯಿ–ದವಡೆ ಶಸ್ತ್ರವೈದ್ಯರ ಸಂಘದ 2022ರ ಅಂದಾಜಿನಂತೆ ಕ್ಯಾನ್ಸರಿಗಾಗಿ ರಕ್ತನಾಳದ ಮೂಲಕ ಜೋಲೆಡ್ರೊನೇಟ್ ಎಂಬ ಬಿಸ್‌ಫಾಸ್ಫೊನೇಟ್ ಪಡೆದವರಲ್ಲಿ ಅಪಾಯ ಶೇ. 5ಕ್ಕಿಂತ ಕಡಿಮೆ; ಮೂಳೆಸವೆತಕ್ಕೆ ಬಿಸ್‌ಫಾಸ್ಫೊನೇಟ್ ಪಡೆದವರಲ್ಲಿ ಕೇವಲ ಶೇ. 0.02ರಿಂದ 0.05. ಮಾತ್ರೆ ಬಿಟ್ಟು ಸೊಂಟದ ಮೂಳೆ ಮುರಿದುಕೊಳ್ಳುವುದು ಇದಕ್ಕಿಂತ ದೊಡ್ಡ ಗಂಡಾಂತರ.

ಹಲ್ಲು ಕಿತ್ತದ್ದೇ ಕಾರಣವೆಂಬ ಮಾತು ಬಹುಕಾಲ ನಡೆಯಿತು. ಕಿತ್ತ ಬಳಿಕವೇ ಹೆಚ್ಚಿನ ಪ್ರಕರಣಗಳು ಕಂಡದ್ದು ನಿಜ. ಆದರೆ ಹಲ್ಲು ಕೀಳುವುದು ಬಹುಪಾಲು ಅದರ ಬೇರಿನಲ್ಲೋ ವಸಡಿನಲ್ಲೋ ಆಗಲೇ ಸೋಂಕಿದ್ದಾಗ. ಒಂದೂ ಹಲ್ಲು ಕೀಳದೆ, ಹಲ್ಲಿನ ಸುತ್ತ ಉರಿಯೂತ ಉಂಟುಮಾಡಿ ಜೋಲೆಡ್ರೊನೇಟ್ ಕೊಟ್ಟ ಇಲಿಗಳಲ್ಲೂ ಮೂಳೆ ಸತ್ತಿತು. ಇದರಿಂದ, ಔಷಧ ಆರಂಭಿಸುವ ಮುನ್ನವೇ ಹಲ್ಲು ತಪಾಸಣೆ ಮಾಡಿ, ಕೀಳಬೇಕಾದ್ದನ್ನು ಕಿತ್ತು, ಗಾಯ ಮಾಯಲು ಬಿಡುವ ಪದ್ಧತಿಗೆ ಬಲ ಬಂತು.

ಕೀಳುವ ಮುನ್ನ ಔಷಧ ನಿಲ್ಲಿಸಬೇಕೆ? ಇದನ್ನು ನಿರ್ಧರಿಸಲು, ಯಾರಲ್ಲಿ ಅಪಾಯ ಹೆಚ್ಚೆಂದು ರಕ್ತಪರೀಕ್ಷೆಯಿಂದ ಮುಂಗಾಣಬಹುದೆಂದು ಮಾರ್ಕ್ಸ್ ಸೂಚಿಸಿದ್ದು ನಂತರದ ಮಾರ್ಗಸೂಚಿಗಳಲ್ಲಿ ನಿಲ್ಲಲಿಲ್ಲ. ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಮಾತ್ರೆ ತೆಗೆದುಕೊಂಡವರು ಎರಡು ತಿಂಗಳು ಬಿಡಬಹುದೆಂದು ಅಮೆರಿಕದ ಅದೇ ಶಸ್ತ್ರವೈದ್ಯರ ಸಂಘ 2014ರಲ್ಲಿ ಹೇಳಿತ್ತು. ಸಂಘದ 2022ರ ಸಮಿತಿಯಲ್ಲಿ ಈ ಬಗ್ಗೆ ಒಮ್ಮತ ಮೂಡಲಿಲ್ಲ. ಬಿಸ್‌ಫಾಸ್ಫೊನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಕೆಲವು ವಾರಗಳ ಬಿಡುವಿನ ಪ್ರಯೋಜನ ಸಂದೇಹಾಸ್ಪದ. ಇದೇ ತೊಂದರೆ ತರಬಲ್ಲ ಇನ್ನೊಂದು ಔಷಧ, 2010ರಲ್ಲಿ ಬಂದ ಡೆನೊಸುಮಾಬ್, ಹಾಗಲ್ಲ. ಅದು ಮೂಳೆಯಲ್ಲಿ ಶೇಖರವಾಗದು, ನಿಲ್ಲಿಸಿದರೆ ಬೆನ್ನೆಲುಬು ಮುರಿಯುವ ಭಯವಿದೆ. ಮೂಳೆಸವೆತಕ್ಕೆ ಆರು ತಿಂಗಳಿಗೊಮ್ಮೆ ಅದನ್ನು ಚುಚ್ಚಿಸಿಕೊಳ್ಳುವವರ ಹಲ್ಲನ್ನು, ಸಾಧ್ಯವಾದರೆ, ಕೊನೆಯ ಚುಚ್ಚುಮದ್ದಿನ ಮೂರು–ನಾಲ್ಕು ತಿಂಗಳ ನಂತರ ಕಿತ್ತು, ಆರರಿಂದ ಎಂಟು ವಾರದಲ್ಲಿ ಮುಂದಿನದನ್ನು ಕೊಡುವುದು ಈಗಿನ ಸಲಹೆ.