ಧಾತು ಸಂವತ್ಸರ ಯಾವುದು?

ನಮ್ಮ ಮನೆತನದ ವಂಶವೃಕ್ಷವನ್ನು ದೊಡ್ಡಪ್ಪನವರು ದುಂಡಗೆ ಬರೆದಿಟ್ಟು ಹೋಗಿದ್ದರು. ಮೂಲಪುರುಷರಿಂದ ನನ್ನವರೆಗೆ ಏಳು ತಲೆ. ಮೂಲಪುರುಷರು ಮಳೆಯಿಲ್ಲದೆ ಧಾತು ಸಂವತ್ಸರದಲ್ಲಿ ಊರು ಬಿಟ್ಟು ಬಂದರೆಂದು ಮನೆಯ ಕಡತದಲ್ಲಿದೆ. ಅದರ ಎದುರಿಗೆ ದೊಡ್ಡಪ್ಪನವರು ‘ಕ್ರಿ.ಶ. 1816’ ಎಂದು ಕಾಣಿಸಿದ್ದರು. ಏಳು ತಲೆಯ ಹೆಮ್ಮೆ ನಮಗೆಲ್ಲ ಇತ್ತು, ಪ್ರಶ್ನಿಸಿದವರಿಲ್ಲ.

ಆದರೆ ಸಂವತ್ಸರಗಳು ಅರವತ್ತೇ ಅಲ್ಲವೆ? ಅರವತ್ತೊಂದನೆಯ ವರ್ಷ ಹಳೆಯ ಹೆಸರೇ ತಿರುಗಿ ಬರುತ್ತದೆ. 1816, 1876, 1936 - ಮೂರು ಯುಗಾದಿಗಳಲ್ಲೂ ಮೊದಲಾದದ್ದು ಧಾತುವೇ. ಬರಿಯ ಹೆಸರನ್ನು ನಂಬಿದರೆ ಎರಡು ತಲೆಮಾರು ಆಚೀಚೆಯಾದೀತು. ಶಾಸನಗಳನ್ನು ಓದುವವರು ಶಕವರ್ಷ, ಮಾಸ, ತಿಥಿ, ವಾರಗಳನ್ನು ಒಂದಕ್ಕೊಂದು ತಾಳೆ ನೋಡುವುದು ಇದಕ್ಕಾಗಿಯೇ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಸಾಹೇಬರು ಲಿಪಿಯನ್ನೂ ಕಾಲಗಣನೆಯನ್ನೂ ಪರೀಕ್ಷಿಸಿ ಕೂಟವೆಂದು ತಳ್ಳಿಹಾಕಿದರು. ರೈಸ್ ಸಾಹೇಬರು ಒಪ್ಪದೆ ವಾದಕ್ಕಿಳಿದರು. ಅರಸರ ವಂಶಾವಳಿಗೇ ಒರೆಗಲ್ಲು ತಪ್ಪದಿರುವಾಗ ನಮ್ಮದೇನು ಮಹಾ!

ಕಡತ ಬಿಚ್ಚಿದೆ. ಶಕವರ್ಷದ ಮೂರನೆಯ ಅಂಕೆ ಸವೆದಿತ್ತು. ದೊಡ್ಡಪ್ಪನವರು ಅದನ್ನು ಮೂರೆಂದು ಓದಿ 1738 ಮಾಡಿದ್ದರು. ನನ್ನ ಕಣ್ಣಿಗೆ ಅದು ಒಂಬತ್ತು, ಅಂದರೆ 1798. ನನ್ನ ಕಣ್ಣನ್ನೂ ನಂಬದೆ ಅಲ್ಲಿದ್ದ ತಿಥಿ, ವಾರಗಳನ್ನು ಪಂಚಾಂಗದ ಕೋಷ್ಟಕದಲ್ಲಿ ಹುಡುಕಿದೆ. 1816ಕ್ಕೆ ವಾರ ಕೂಡಲಿಲ್ಲ; 1876ಕ್ಕೆ ಸರಿಯಾಗಿ ಕೂಡಿತು. ಹಾಗಾದರೆ ನಡುವಿನ ಇಬ್ಬರು ಎಲ್ಲಿಂದ ಬಂದರು? ಕಡತದ ತಂದೆಮಕ್ಕಳೂ ಮುಂದಿನ ಕ್ರಯಪತ್ರದ ತಂದೆಮಕ್ಕಳೂ ಒಬ್ಬರೇ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯನ್ನು ನೆನೆದು ದೊಡ್ಡಪ್ಪನವರು ಇಬ್ಬರನ್ನು ನಾಲ್ವರೆಂದು ಎಣಿಸಿದ್ದರು.

ಏಳು ತಲೆ ಐದಾಯಿತು. ನಕ್ಕು ಸುಮ್ಮನಾಗಬಹುದಿತ್ತು. ಆದರೆ 1876 ಎಂದಮೇಲೆ ಅದು ಧಾತು-ಈಶ್ವರದ ಮಹಾಕ್ಷಾಮದ ಮೊದಲ ವರ್ಷ. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸೀಮೆಯ ಜನ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕಡಿಮೆ. ಕಡತವನ್ನು ಮತ್ತೆ ಓದಿದೆ. ಧಾತುವಿನ ರಾಗಿಯ ಲೆಕ್ಕದಲ್ಲಿ ‘ಉಣ್ಣುವ ತಲೆ ಆರು’ ಎಂದಿದೆ; ಈಶ್ವರದ ಲೆಕ್ಕದಲ್ಲಿ ‘ಮೂರು’. ಹೆಣ್ಣುಮಕ್ಕಳ ಮದುವೆಯಾಗಿರಬೇಕೆಂದು ದೊಡ್ಡಪ್ಪನವರು ಅಂಚಿನಲ್ಲಿ ಊಹಿಸಿದ್ದರು. 1816 ಎಂದು ನಂಬಿದವರಿಗೆ ಬೇರೇನು ತೋಚೀತು?

ಆ ಮೂವರು ಸತ್ತರೆಂದು ಕಡತ ಹೇಳುವುದಿಲ್ಲ. ಆದ್ದರಿಂದ ನಾನೂ ಹಾಗೆ ಬರೆಯಲಿಲ್ಲ. ದೊಡ್ಡಪ್ಪನವರ ತಪ್ಪು ತಿದ್ದಹೋಗಿ ನನ್ನದೊಂದು ಊಹೆ ಸೇರಿಸಬಾರದಷ್ಟೆ. ಹೊಸ ವೃಕ್ಷದ ಬುಡದಲ್ಲಿ ಮೂರು ಖಾಲಿ ಮನೆ ಬಿಟ್ಟು, ಕೆಳಗೆ ಹೀಗೆ ಬರೆದೆ: ‘ಹೆಸರು ತಿಳಿಯದು. ಧಾತುವಿನ ಲೆಕ್ಕದಲ್ಲಿದ್ದಾರೆ, ಈಶ್ವರದ ಲೆಕ್ಕದಲ್ಲಿಲ್ಲ.’

ಎರಡು ತಲೆ ಕಡಿಮೆಯಾಯಿತೆಂದು ತಮ್ಮನಿಗೆ ಇನ್ನೂ ಬೇಸರ. ಇಲ್ಲದಿದ್ದ ಇಬ್ಬರು ಹೋದರು, ಇದ್ದ ಮೂವರು ಸಿಕ್ಕರು ಎಂದು ಅವನಿಗೆ ಹೇಳಿದೆ.