ಕ್ಯೂ ಖಾಲಿ ಮಾಡಿ ನಿಂತುಹೋಗುವ ಸರ್ವರ್: ಒಂದು ಹಳೇ ಫೋನ್ ಬಿಲ್ಲಿನ ಕಥೆ

ನಾನು ಕೊಕ್ಕಡದವನು. ಇವತ್ತು ಇಮೇಲ್‌ನ ಚರಿತ್ರೆ ಹೇಳ್ತೇನೆ, ಆದ್ರೆ ಶುರು ಮಾಡೋದು ನನ್ನದೇ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಸಣ್ಣ ಕಚೇರಿಯೊಂದರ ಮೇಲ್ ಸರ್ವರ್ ನನ್ನ ಕೈಯಲ್ಲಿತ್ತು. ಸೆಂಡ್‌ಮೇಲ್ ಅನ್ನೋ ಸಾಫ್ಟ್‌ವೇರ್. ಸ್ಟಾರ್ಟ್ ಮಾಡಿದ್ರೆ ಕ್ಯೂನಲ್ಲಿದ್ದದ್ದನ್ನೆಲ್ಲ ಕಳಿಸೋದು, ಆಮೇಲೆ ನಿಂತುಬಿಡೋದು. ಹೊರಗಿನಿಂದ ಒಂದು ಮೇಲೂ ಬರಲ್ಲ. ವಿದ್ಯಾರ್ಥಿಗಳ ಅರ್ಜಿಗೆ ಎರಡೇ ದಿನ ಬಾಕಿ. ಲಾಗ್‌ನಲ್ಲಿ ಎರರ್ ಇಲ್ಲ. "ನೀನೇ ಎಂತದೋ ಮಾಡಿದ್ದಿ" ಅಂತ ಜೊತೆಗಿದ್ದ ಹುಡುಗನಿಗೆ ಬೈದೆ.

ನಿಜ ಏನು ಗೊತ್ತುಂಟಾ? ಸರ್ವರ್ ಹಾಳಾಗಿರಲಿಲ್ಲ. ನಾನು ಕೊಟ್ಟ ಕಮಾಂಡ್‌ನಲ್ಲಿ 'ಮೈನಸ್ ಕ್ಯೂ' ಮಾತ್ರ ಇತ್ತು. ಅದರ ಅರ್ಥ: ಒಮ್ಮೆ ಕ್ಯೂ ಖಾಲಿ ಮಾಡು, ಹೊರಡು. ಬಾಗಿಲಲ್ಲೇ ಕೂತು ಹೊಸ ಮೇಲ್ ಸ್ವೀಕರಿಸಲು 'ಮೈನಸ್ ಬಿಡಿ' ಬೇಕು. ಅರ್ಧ ಗಂಟೆಗೊಮ್ಮೆ ಕ್ಯೂ ನೋಡಲು 'ಕ್ಯೂ' ಪಕ್ಕ '30ಎಂ'.

ಹಾಗಾದ್ರೆ ಒಮ್ಮೆ ಓಡಿ ನಿಲ್ಲುವ ಈ ವ್ಯವಸ್ಥೆ ಯಾಕೆ? ಎರಿಕ್ ಆಲ್ಮನ್ ಬರ್ಕ್ಲಿಯಲ್ಲಿ ಸೆಂಡ್‌ಮೇಲ್ ಬರೆದದ್ದು 1980ರ ದಶಕದ ಆರಂಭದಲ್ಲಿ. ಆಗ ಎಷ್ಟೋ ಕಂಪ್ಯೂಟರ್‌ಗಳಿಗೆ ಸದಾ ಸಂಪರ್ಕ ಇರಲಿಲ್ಲ. ನಮ್ಮಲ್ಲೂ ಅದೇ. 1986ರಲ್ಲಿ ಶುರುವಾದ ಅರ್ನೆಟ್ ಐದು ಐಐಟಿಗಳನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಜೋಡಿಸಹೊರಟಾಗ ಮೊದಮೊದಲು ಮೇಲ್ ಹೋದದ್ದು ಡಯಲ್-ಅಪ್‌ನಲ್ಲಿ. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗಲೂ ಮೋಡೆಮ್ಮೇ. ಲೈನ್ ಸಿಕ್ಕಿದಾಗ ಕೂಡಿಟ್ಟದ್ದನ್ನೆಲ್ಲ ಕಳಿಸು, ಫೋನ್ ಇಡು. ನಿಮಿಷಕ್ಕೆ ದುಡ್ಡು ಮಾರಾಯ್ರೆ!

ಸರಿಯಾದ ಕಮಾಂಡ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅರ್ಜಿಗಳು ಒಂದೊಂದಾಗಿ ಬಂದವು. ಯಾವುದೂ ಕಳೆದಿರಲಿಲ್ಲ! ಬಾಗಿಲು ಮುಚ್ಚಿದ್ದರೆ ಕಳಿಸುವವನ ಸರ್ವರ್ ಮೇಲನ್ನು ತನ್ನ ಕ್ಯೂನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸ್ತದೆ, ಸಾಮಾನ್ಯವಾಗಿ ನಾಲ್ಕೈದು ದಿನ. ಲೈನ್ ಕಡಿದುಹೋಗ್ತದೆ ಅಂತ ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ನಮ್ಮೂರಿನವರಿಗೆ ಇದು ಬೇಗ ಅರ್ಥ ಆಗ್ತದೆ.

ಆ ಹುಡುಗನ ಹತ್ರ ಮರುದಿನ ತಪ್ಪಾಯ್ತು ಅಂದೆ. ಅವನು ನಕ್ಕ: "ಸರ್, ಅದು ನೀವು ಹೇಳಿದ್ದನ್ನೇ ಮಾಡಿದ್ದು."