ಬಳ್ಳಾರಿಯ ಬೈಬಲ್ಲು, ಹೀಬ್ರೂ ಮತ್ತು 'ಗಾಳಿ'

ಬಳ್ಳಾರಿ ಅಂದ ಕೂಡಲೇ ಜನಕ್ಕೆ ನೆನಪಾಗೋದು ಗಣಿ, ಧೂಳು, ಬಿಸಿಲು. ನಾನು ಸತ್ಯನಾರಾಯಣಪೇಟೆಯವನು ಅಂದರೆ ಆಫೀಸಿನಲ್ಲಿ ಮುಂದಿನ ಪ್ರಶ್ನೆ ಗಣಿ ಬಗ್ಗೆಯೇ! ಆದರೆ ಕನ್ನಡದ ಅಚ್ಚಿನ ಚರಿತ್ರೆಯಲ್ಲಿ ನಮ್ಮೂರಿಗೆ ಒಂದು ಒಳ್ಳೇ ಜಾಗ ಇದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಮಂಗಳೂರಲ್ಲಿ ಶುರುವಾಗಿದ್ದು ನಿಮಗೆಲ್ಲ ಗೊತ್ತೇ ಇರುತ್ತೆ. ಮಾರನೇ ವರ್ಷವೇ ಅದು ಬಳ್ಳಾರಿಗೆ ಬಂತು, 'ಕನ್ನಡ ಸಮಾಚಾರ' ಅನ್ನೋ ಹೆಸರಲ್ಲಿ ಇಲ್ಲಿನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಮಂಗಳೂರಲ್ಲಿ ಆಗ ಇದ್ದದ್ದು ಕಲ್ಲಚ್ಚು, ಬಳ್ಳಾರಿಯಲ್ಲಿ ಅಚ್ಚಿನ ಮೊಳೆಗಳಿದ್ದವು.

ಆ ಪ್ರೆಸ್ಸಿನ ಹಿಂದೆ ಇದ್ದದ್ದು ಬೈಬಲ್ಲಿನ ಕೆಲಸ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟು ಆಗಿನ್ನೂ ಹತ್ತೇ ವರ್ಷ. ಕಿಟೆಲ್ ನಿಘಂಟು ಬರೋದು 1894ಕ್ಕೆ, ಅಂದರೆ ಇನ್ನೂ ಎಂಬತ್ತನಾಲ್ಕು ವರ್ಷ ದೂರ! ಅಂಥ ಕಾಲದಲ್ಲಿ ಮುನ್ಷಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನು ಅನುವಾದ ಶುರು ಮಾಡಿದ. ಆಮೇಲೆ ವಿಲಿಯಂ ರೀವ್ ಬಂದು ಸೇರಿಕೊಂಡ (ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ರೀವ್ ಇವನೇ). 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಮುಂದೆ ಅದನ್ನು ತಿದ್ದಿದವರಲ್ಲಿ ಬೆಂಗಳೂರಿನ ಬೆಂಜಮಿನ್ ರೈಸ್ ಒಬ್ಬ. ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಶಾಸನಗಳ ಬಿ.ಎಲ್. ರೈಸ್ ಇವರ ಮಗ. ಮುನ್ಷಿಗಳ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ... ಇರಲಿ ಬಿಡಿ, ಅದು ಬೇರೆಯದೇ ಕಥೆ.

ಈಗ ವಿಷಯಕ್ಕೆ ಬರ್ತೀನಿ. ಬೈಬಲ್ಲಿನ ಹಳೆಯ ಒಡಂಬಡಿಕೆ ಮೂಲದಲ್ಲಿ ಇರೋದು ಹೀಬ್ರೂವಿನಲ್ಲಿ (ದಾನಿಯೇಲ, ಎಜ್ರ ಮುಂತಾದ ಕಡೆ ಸ್ವಲ್ಪ ಅರಮಾಯಿಕ್). ಹೊಸದು ಗ್ರೀಕಿನಲ್ಲಿ. ಕನ್ನಡ ಬೈಬಲ್ ಅರ್ಥ ಮಾಡಿಕೊಳ್ಳೋಕೆ ಹೀಬ್ರೂ ಯಾಕಪ್ಪ ಬೇಕು ಅಂತ ಕೇಳಿದರೆ, ವಚನಗಳನ್ನು ಇಂಗ್ಲಿಷಿನಲ್ಲಷ್ಟೇ ಓದಿದವರನ್ನು ನೆನೆಸಿಕೊಳ್ಳಿ. ಎ.ಕೆ. ರಾಮಾನುಜನ್ ಕೂಡಲಸಂಗಮದೇವನನ್ನು 'ಲಾರ್ಡ್ ಆಫ್ ದ ಮೀಟಿಂಗ್ ರಿವರ್ಸ್' ಅಂತ ಮಾಡಿದರು. ಚೆನ್ನಾಗೇ ಇದೆ. ಆದರೆ ಕೃಷ್ಣೆ ಮಲಪ್ರಭೆ ಕೂಡುವ ಆ ಊರು, ಆ ಗುಡಿ ಅದರಲ್ಲಿ ಬರಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬೈನರಿ ಓಡುತ್ತೆ, ಸೋರ್ಸ್ ಕೋಡಿನಲ್ಲಿದ್ದ ಕಾಮೆಂಟುಗಳು ಸಿಗಲ್ಲ :)

ಹೀಬ್ರೂವಿಗೆ 22 ಅಕ್ಷರ, ಎಲ್ಲ ವ್ಯಂಜನಗಳೇ. ಬಲದಿಂದ ಎಡಕ್ಕೆ ಬರೀತಾರೆ. ಸ್ವರದ ಗುರುತುಗಳನ್ನು ಚುಕ್ಕಿ-ಗೆರೆಗಳಲ್ಲಿ ಸೇರಿಸಿದ್ದು ಮಸೊರೇಟರು ಅನ್ನೋ ಯೆಹೂದಿ ಪಂಡಿತರು, ಅದೂ ಕ್ರಿಸ್ತಶಕ ಆರೇಳನೇ ಶತಮಾನದಿಂದ ಈಚೆಗೆ. ಅದಕ್ಕೆ ಮುಂಚೆ ಓದುವವನೇ ಸ್ವರ ತುಂಬಿಕೊಳ್ಳಬೇಕು. ನಮ್ಮ ಕಾಗುಣಿತವನ್ನೆಲ್ಲ ಕಿತ್ತು ಹಾಕಿ 'ಕಲ' ಅಂತಷ್ಟೇ ಬರೆದರೆ ಅದು ಕಾಲೋ, ಕೂಲಿಯೋ, ಕೋಲೋ? ಸಂದರ್ಭ ನೋಡಿ ಹೇಳಬೇಕು. ಹೀಬ್ರೂವಿನಲ್ಲಿ ಕ-ರ-ನ ಅನ್ನೋ ಮೂರು ವ್ಯಂಜನಗಳಿವೆ. 'ಕಾರನ್' ಅಂತ ಓದಿದರೆ ಹೊಳೆಯಿತು, 'ಕೆರೆನ್' ಅಂದರೆ ಕೊಂಬು. ಮೋಶೆ ಬೆಟ್ಟದಿಂದ ಇಳಿದು ಬಂದಾಗ ಮುಖ ಹೊಳೀತಿತ್ತು ಅನ್ನೋ ಕಡೆ ಲ್ಯಾಟಿನ್ನಿಗೆ ಅನುವಾದ ಮಾಡಿದ ಜೆರೋಮ್ ಕೊಂಬಿನ ಅರ್ಥ ಹಿಡಿದ. ಸಾವಿರ ವರ್ಷ ದಾಟಿದ ಮೇಲೆ ಮೈಕೆಲೆಂಜೆಲೋ ಕೆತ್ತಿದ ಮೋಶೆಯ ತಲೆಯ ಮೇಲೆ ಎರಡು ಕೊಂಬು! ರೋಮಿನ ಚರ್ಚಿನಲ್ಲಿ ಈಗಲೂ ನೋಡಬಹುದು. ತಮಾಷೆ ಅಂದರೆ ಜೆರೋಮ್ ಕಷ್ಟಪಟ್ಟು ಹೀಬ್ರೂ ಕಲಿತವನು. ಆದ್ದರಿಂದ ಭಾಷೆ ಕಲಿತ ಮಾತ್ರಕ್ಕೆ ಜಗಳ ಮುಗಿಯುತ್ತೆ ಅಂತಲ್ಲ. ಜಗಳ ಎಲ್ಲಿದೆ ಅಂತ ಕಾಣಿಸುತ್ತೆ, ಅಷ್ಟೇ.

ಕನ್ನಡ ಬೈಬಲ್ಲಿನ 'ಯೆಹೋವ' ಕೂಡ ಇಂಥದ್ದೇ. ಮೂಲದಲ್ಲಿ ಇರೋದು ಯ-ಹ-ವ-ಹ ಅನ್ನೋ ನಾಲ್ಕು ವ್ಯಂಜನ. ಆ ಹೆಸರನ್ನು ಬಾಯಲ್ಲಿ ಹೇಳಬಾರದು ಅಂತ ಯೆಹೂದಿಗಳು ಅಲ್ಲಿ 'ಅದೋನಾಯ್', ಅಂದರೆ ಒಡೆಯ, ಅಂತ ಓದುತ್ತಿದ್ದರು. ಹಾಗೆ ಓದಬೇಕು ಅಂತ ನೆನಪಿಸೋಕೆ ಆ ಪದದ ಸ್ವರಗಳನ್ನು ಈ ನಾಲ್ಕು ವ್ಯಂಜನಗಳಿಗೆ ಹಾಕಿಟ್ಟರು. ಯುರೋಪಿನವರು ಎರಡನ್ನೂ ಕೂಡಿಸಿ ಓದಿಬಿಟ್ಟರು. ಆ ಉಚ್ಚಾರವೇ ಕನ್ನಡಕ್ಕೂ ಬಂತು. ಈಚಿನ ಸರಳ ಅನುವಾದದಲ್ಲಿ ಅದನ್ನು ಬಿಟ್ಟು 'ಸರ್ವೇಶ್ವರ' ಅಂತ ಹಾಕಿದ್ದಾರೆ.

ಕನ್ನಡದವರಿಗೆ ಲಾಭ ಆಗುವ ಜಾಗಗಳೂ ಇವೆ. ಹೀಬ್ರೂವಿನ 'ಎಲೋಹೀಮ್' ರೂಪದಲ್ಲಿ ಬಹುವಚನ, ಆದರೆ ಇಸ್ರಾಯೇಲಿನ ದೇವರನ್ನು ಹೇಳುವಾಗ ಕ್ರಿಯಾಪದ ಸಾಮಾನ್ಯವಾಗಿ ಏಕವಚನ. ಇಂಗ್ಲಿಷಿನಲ್ಲಿ ಓದುವವರಿಗೆ ಇದು ಕಾಣೋದೇ ಇಲ್ಲ. ನಾವೋ, "ದೇವರು ದೊಡ್ಡವನು" ಅಂತ ದಿನಾ ಹೇಳ್ತೀವಿ. 'ದೇವರು' ಬಹುವಚನ, 'ದೊಡ್ಡವನು' ಏಕವಚನ! ಹಳೆಯ ಕನ್ನಡ ಬೈಬಲ್ಲಿನ ಮೊದಲ ವಾಕ್ಯದಲ್ಲೇ ಇದೇ ಜೋಡಣೆ ಇದೆ. ಬೇಕಂತ ಮಾಡಿದರೋ ತಾನಾಗಿ ಬಂತೋ, ಹೀಬ್ರೂವಿಗೆ ಇದಕ್ಕಿಂತ ಹತ್ತಿರ ಹೋಗೋದು ಕಷ್ಟ.

ಅದೇ ಅಧ್ಯಾಯದ ಎರಡನೇ ವಾಕ್ಯದಲ್ಲಿ ಮಾತ್ರ ಕನ್ನಡ ಸಿಕ್ಕಿಬೀಳುತ್ತೆ. ನೀರಿನ ಮೇಲೆ ಚಲಿಸುತ್ತಿದ್ದದ್ದು 'ರುವಾಖ್'. ಈ ಒಂದೇ ಪದಕ್ಕೆ ಗಾಳಿ, ಉಸಿರು, ಚೈತನ್ಯ ಮೂರೂ ಅರ್ಥ. ಕನ್ನಡದಲ್ಲಿ ಅದು 'ಆತ್ಮ' ಆಗಿದೆ. ಆತ್ಮ ಅಂದ ಕೂಡಲೇ ನಮಗೆ ಉಪನಿಷತ್ತು, ಗೀತೆ ನೆನಪಾಗುತ್ತೆ, ಬೀಸುವ ಗಾಳಿಯಂತೂ ನೆನಪಾಗಲ್ಲ. ಹಾಗಾದರೆ 'ಗಾಳಿ' ಅಂತಲೇ ಹಾಕಬಹುದಿತ್ತಾ? ಯೋಚನೆ ಮಾಡಿ, ನಮ್ಮ ಕಡೆ 'ಗಾಳಿ ಮೆಟ್ಟಿಕೊಂಡಿದೆ', 'ಗಾಳಿ ಬಿಡಿಸಬೇಕು' ಅಂತಾರೆ. ಬೀಸುವುದೂ ಅದೇ, ಮೈಮೇಲೆ ಬರೋದೂ ಅದೇ. ಹೀಬ್ರೂ ಪದದ ಹಾಗೇ ಎರಡೂ ಅರ್ಥ ಇರೋ ಅಚ್ಚಗನ್ನಡ ಪದ ಕೈಯಲ್ಲೇ ಇತ್ತು, ಆದರೆ ಕೆಟ್ಟ ಅರ್ಥದಲ್ಲಿ! ದೇವರ ಗಾಳಿ ಅಂತ ಬರೆದಿದ್ದರೆ ಬಳ್ಳಾರಿ ಜನ ಏನಂದುಕೊಳ್ಳುತ್ತಿದ್ದರು ಅನ್ನೋದು ಆ ಮುನ್ಷಿಗಳಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಇಷ್ಟೆಲ್ಲ ಪದದ ಆಟ ಆಯ್ತು, ಇದರಿಂದ ಯಾರಿಗೇನು ಅನ್ನಬಹುದು. ಗೆಳೆಯನೊಬ್ಬನ ಮದುವೆಗೆ ಹೋಗಿದ್ದೆ. ಹೆಂಡತಿ ಅಂದರೆ ಗಂಡನಿಗೆ 'ಸಹಕಾರಿ', ದೇವರೇ ಹಾಗೆ ಬರೆಸಿದ್ದಾನೆ, ಅದಕ್ಕೇ ತಗ್ಗಿ ನಡೀಬೇಕು ಅಂತ ಬೋಧಕರು ಅರ್ಧ ಗಂಟೆ ಹೇಳಿದರು. ಮದುಮಗಳು ನನ್ನ ಹಾಗೇ ಇಂಜಿನಿಯರ್ರು, ತಲೆ ತಗ್ಗಿಸಿಕೊಂಡು ಕೇಳ್ತಾ ಇದ್ದಳು. ಹೀಬ್ರೂವಿನಲ್ಲಿ ಅಲ್ಲಿರೋದು 'ಏಜೆರ್ ಕೆನೆಗ್ದೋ'. 'ಏಜೆರ್' ಅಂದರೆ ನೆರವು, ಕಾಪಾಡುವ ಬಲ. ಹಳೆಯ ಒಡಂಬಡಿಕೆಯಲ್ಲಿ ಈ ಪದ ಹೆಚ್ಚಾಗಿ ಬಳಕೆಯಾಗಿರೋದು ದೇವರಿಗೇ. ನನಗೆ ನೆರವು ಎಲ್ಲಿಂದ ಬರುತ್ತೆ ಅಂತ ಕೇಳುವ 121ನೇ ಕೀರ್ತನೆಯಲ್ಲೂ ಇದೇ ಪದ. ಅಲ್ಲಿ ನೆರವು ಕೊಡುವವನು ಕೆಳಗಿನವನು ಅಂತ ಯಾರೂ ಹೇಳಲ್ಲ. 'ಕೆನೆಗ್ದೋ' ಅಂದರೆ ಅವನ ಎದುರಿಗೆ, ಅವನಿಗೆ ಸಾಟಿಯಾಗಿ.

ಊಟದ ಪಂಕ್ತಿಯಲ್ಲಿ ಗೆಳೆಯನಿಗೆ ಇದನ್ನು ಹೇಳಿದೆ. "ಲೇ, ಇದನ್ನ ಆಕೀಗೆ ಹೇಳಬ್ಯಾಡಪಾ" ಅಂತ ನಕ್ಕ. ಆಕೆ ಪಕ್ಕದಲ್ಲೇ ಕೂತಿದ್ದಳು. "ಅದು ಯಾವ ಅಧ್ಯಾಯ ಅಣ್ಣಾ?" ಅಂತ ಕೇಳಿದಳು. ಆದಿಕಾಂಡ, ಎರಡನೇ ಅಧ್ಯಾಯ, ಹದಿನೆಂಟನೇ ವಾಕ್ಯ ಅಂದೆ. ಮೊಬೈಲಿನಲ್ಲಿ ಬರೆದುಕೊಂಡಳು.